ದಕ್ಷಿಣಕ್ಕೆ ಹೊರಟ ಕೊಪ್ಪರಿಗೆ

"ನಂಬಿದ್ದೇ ದಕ್ಷಿಣದವರ ತಪ್ಪು ಅಂತೀರಾ?"

ಲ್ಯಾಪ್‌ಟಾಪ್ ಮುಚ್ಚುತ್ತಿದ್ದ ನಾಯಿಲಾಳ ಕೈ ಹಾಗೇ ನಿಂತಿತು. ಲುಂಡ್ ವಿಶ್ವವಿದ್ಯಾಲಯದ ಈ ಕೋಣೆಯಲ್ಲಿ, ಮಧ್ಯಕಾಲದ ಜಪಾನಿನ ಅಂತರ್ಯುದ್ಧದ ಬಗ್ಗೆ ಅವಳು ಮಾಡಿದ ಉಪನ್ಯಾಸಕ್ಕೆ ಬಂದವರೆಲ್ಲ ಸ್ವೀಡಿಷರು. ಕನ್ನಡ ಎಲ್ಲಿಂದ ಬಂತು?

ತಲೆಯೆತ್ತಿದಳು.

ಬಾಗಿಲ ಬಳಿ ಸೈಕಲ್ ಹೆಲ್ಮೆಟ್ ಹಿಡಿದು ನಿಂತಿದ್ದವನು ಸಂಕೇತ್. ರಾಜಗೋಪಾಲ ಅವರ ಅಕ್ಕನ ಮಗ. ಉತ್ತರದವನು!

'ಇವನಿಗೇನು ಕೆಲಸ ಇಲ್ಲಿ? ಬೇಹುಗಾರಿಕೆಗೆ ಬಂದನಾ...?'

"ತಪ್ಪು ನಂಬಿದವರದ್ದಲ್ಲ. ಮಾತು ಮುರಿದವರದ್ದು," ಎಂದಳು ಅವಳು, ಒಂದೊಂದೇ ಪದ ಇರಿಯುವಂತೆ.

ಅವನು ನಕ್ಕ. ಆ ನಗು ಚೆನ್ನಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಅನುಮಾನ ಬಂತು.

ಅನುಮಾನಕ್ಕೆ ಕಾರಣವಿತ್ತು. ಲುಂಡ್‌ನ ಕನ್ನಡ ಕೂಟ ಒಡೆದು ಎರಡಾಗಿತ್ತು. ಊರಿನ ಉತ್ತರದ ದಿಬ್ಬದ ಮೇಲೆ ಅಧ್ಯಕ್ಷ ರಾಜಗೋಪಾಲರ ಕೂಟ. ಕೆಳಗೆ ದಕ್ಷಿಣದ ಬಡಾವಣೆಯಲ್ಲಿ ನಾಯಿಲಾಳ ಭಾವ ಇಮ್ತಿಯಾಜ್ ಕಟ್ಟಿದ ಕೂಟ. ಒಡೆದದ್ದು ಒಂದೇ ಮಾತಿಗೆ. ಪ್ರತಿ ರಾಜ್ಯೋತ್ಸವಕ್ಕೂ ಬಿಸಿಬೇಳೆಬಾತ್ ಮಾಡುತ್ತಿದ್ದವಳು ನಾಯಿಲಾಳ ಅಕ್ಕ ಫಕ್ರುನ್ನೀಸಾ. ಎಲ್ಲರೂ ಬೆರಳು ಚೀಪಿ ತಿಂದವರೇ. ಹೋದ ವರ್ಷ, 2007ರಲ್ಲಿ, ಅಧ್ಯಕ್ಷಗಿರಿ ಸಿಕ್ಕಿದ್ದೇ ತಡ ರಾಜಗೋಪಾಲರು ಅಂದರು: "ಅಡುಗೆ ನಮ್ಮವರ ಕೈಯಲ್ಲೇ ಆಗಲಿ."

ನಮ್ಮವರು! ಹಾಗಾದರೆ ಅಕ್ಕ ಯಾರು?

ಆದರೆ ಎಲ್ಲರೂ ಸೇರಿ ಬೆಂಗಳೂರಿನಿಂದ ತರಿಸಿದ್ದ ದೊಡ್ಡ ಹಿತ್ತಾಳೆ ಕೊಪ್ಪರಿಗೆ ಇಮ್ತಿಯಾಜ್‌ನ ನೆಲಮಾಳಿಗೆಯಲ್ಲೇ ಉಳಿಯಿತು. ಅದು ಮಾತ್ರ ಉತ್ತರದವರಿಗೆ ಬೇಕಾಗಿತ್ತು. ಕೊಪ್ಪರಿಗೆ ಶುದ್ಧ, ಅದನ್ನು ತಿರುವುವ ಕೈ ಮಾತ್ರ ಅಶುದ್ಧ!

"ಫಿಕಾಗೆ ಬರ್ತೀರಾ? ಒಂದು ಕಾಫಿ ಅಷ್ಟೇ. ವಿಷ ಹಾಕಲ್ಲ," ಎಂದ ಸಂಕೇತ್.

"ಹಾಕೋರು ಹೀಗೇ ಹೇಳಿ ಹಾಕ್ತಾರೆ."

ಆದರೂ ಹೋದಳು.

* * *

ದಾಲ್ಚಿನ್ನಿ ಬನ್ ಮುರಿಯುತ್ತ ಅವನು ವಿಷಯಕ್ಕೆ ಬಂದ. "ಎರಡೂ ಕೂಟ ಒಂದಾಗಲಿ. ಕೊಪ್ಪರಿಗೆ ಮೇಲಕ್ಕೆ ಬರಲಿ. ಒಂದು ವರ್ಷ ನಮ್ಮವರು ಅಧ್ಯಕ್ಷರು, ಮುಂದಿನ ವರ್ಷ ನಿಮ್ಮವರು. ಅಡುಗೆ ಮೊದಲಿನ ಹಾಗೇ ನಿಮ್ಮ ಅಕ್ಕನದ್ದೇ. ಮಾವ ಒಪ್ಪಿದ್ದಾರೆ."

ನಾಯಿಲಾ ಜೋರಾಗಿ ನಕ್ಕುಬಿಟ್ಟಳು. ಪಕ್ಕದ ಮೇಜಿನ ವಿದ್ಯಾರ್ಥಿಗಳು ತಿರುಗಿ ನೋಡಿದರು.

"ನನ್ನ ಲೆಕ್ಚರ್ ಪೂರ್ತಿ ಕೇಳಿದ್ರಿ ತಾನೇ? ಉತ್ತರದಲ್ಲಿ ಕ್ಯೋಟೋ, ದಕ್ಷಿಣದಲ್ಲಿ ಯೋಶಿನೋ ಬೆಟ್ಟ. ಇಬ್ಬರು ಚಕ್ರವರ್ತಿಗಳು. ಐವತ್ತು ವರ್ಷಕ್ಕೂ ಮೇಲೆ ರಕ್ತ. ರಾಜಮುದ್ರೆ ಅನ್ನೋ ಹಾಗೆ ಮೂರು ವಸ್ತು: ಕನ್ನಡಿ, ಕತ್ತಿ, ಮಣಿ. ಅವು ದಕ್ಷಿಣದವರ ಹತ್ರ. 1392ರಲ್ಲಿ ಉತ್ತರದವರು ಏನಂದ್ರು? 'ಅವನ್ನ ಕೊಡಿ, ಸಿಂಹಾಸನ ಸರದಿ ಮೇಲೆ ಹಂಚಿಕೊಳ್ಳೋಣ.' ಪಾಪ, ದಕ್ಷಿಣದ ಚಕ್ರವರ್ತಿ ನಂಬಿ ಬೆಟ್ಟ ಇಳಿದು ಬಂದ. ಕೊಟ್ಟ."

"ಸರದಿ?"

"ಬರಲೇ ಇಲ್ಲ."

ಸಂಕೇತ್ ಬನ್ ಕೆಳಗಿಟ್ಟ. "ನಾನು ಆರು ನೂರು ವರ್ಷ ಹಿಂದಿನೋನಲ್ಲ ನಾಯಿಲಾ. ನಿಮ್ಮ ಅಕ್ಕ ಮಾಡಿದ ಬಾತ್ ತಿಂದೋನು. ಈ ಊರಿಗೆ ಬಂದ ಮೊದಲನೇ ವಾರ ಜ್ವರ ಬಂದಿತ್ತು. ಡಬ್ಬಿ ತಂದುಕೊಟ್ಟಿದ್ದು ಅವರು. ಮಾವನ ಮನೇಲಿದ್ದೀನಿ ನಿಜ. ಋಣ ಮಾತ್ರ ಕೆಳಗಿದೆ."

ಅವಳು ಅವನ ಕಣ್ಣುಗಳನ್ನೇ ನೋಡಿದಳು. 'ಸುಳ್ಳಾ...? ಎಲ್ಲಿ ಹುಡುಕಲಿ ಸುಳ್ಳನ್ನ?'

ಹುಡುಕುವ ನೆಪದಲ್ಲೇ ಮತ್ತೊಂದು ಫಿಕಾ, ಮಗದೊಂದು. ಅವಳ ಸೈಕಲ್ ಚೈನ್ ಬಿದ್ದಾಗ ಅವನು ಕೈ ಕಪ್ಪು ಮಾಡಿಕೊಂಡು ಸರಿಪಡಿಸಿದ. "ಇದಕ್ಕೂ ಏನಾದ್ರೂ ಕಾರಣ ಇರತ್ತೆ," ಎಂದಳು. "ಇದೆ. ಹೇಳಿದ್ರೆ ನಂಬಲ್ಲ," ಎಂದ.

ಆ ದಿನ ಮನೆಗೆ ಬಂದವಳೇ ಅಕ್ಕನಿಗೆ ಹೇಳಿದಳು: "ಕೊಟ್ಬಿಡೋಣ ಆಪಾ. ಅವನು ಬೇರೆ ಥರ."

ಫಕ್ರುನ್ನೀಸಾ ತಂಗಿಯ ಮುಖ ನೋಡಿ ನಕ್ಕಳು. ಗಲ್ಲ ಹಿಂಡಿದಳು, ಅಷ್ಟೇ.

ಕೊಪ್ಪರಿಗೆ ದಿಬ್ಬ ಹತ್ತಿತು.

* * *

ರಾಜ್ಯೋತ್ಸವದ ಬೆಳಿಗ್ಗೆ ಫಕ್ರುನ್ನೀಸಾ ಏಪ್ರನ್ ಕಟ್ಟಿಕೊಂಡು, ಮನೆಯಲ್ಲೇ ಕುಟ್ಟಿದ ಮಸಾಲೆಪುಡಿಯ ಡಬ್ಬಿ ಹಿಡಿದು ಹೊರಟು ನಿಂತಿದ್ದಳು. ಫೋನ್ ಬಂತು. ರಾಜಗೋಪಾಲರ ಹೆಂಡತಿ ಶಕುಂತಲಾ. ಸ್ಪೀಕರ್‌ನಲ್ಲಿ ಆ ಸಕ್ಕರೆ ದನಿ ಮನೆಯಿಡೀ ಹರಡಿತು.

"ಅಡುಗೆಮನೆ ಕಷ್ಟ ನಿಮಗ್ಯಾಕೆ ಫಕ್ರೂ? ನಾವು ಮಾಡ್ಕೋತೀವಿ. ನೀವು ಗೆಸ್ಟ್ ಥರ ಬಂದು ಮುಂದೆ ಕೂತ್ಕೊಳ್ಳಿ. ಆಮೇಲೆ... ಡಬ್ಬಿಗಿಬ್ಬಿ ತರ್ಬೇಡಿ, ಆಯ್ತಾ?"

ಫಕ್ರುನ್ನೀಸಾ ಫೋನ್ ಇಟ್ಟಳು. ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿದಳು.

"ಪರವಾಗಿಲ್ಲ ಬಿಡೇ," ಎಂದಳು. ಅವಳ ದನಿ ಮಾತ್ರ ಹಾಗೆ ಅನ್ನಲಿಲ್ಲ.

ನಾಯಿಲಾಳ ಎದೆ ಉರಿಯಿತು. 'ನಾನೇ ಕೊಡಿಸಿದೆ! ಬದುಕೆಲ್ಲ ಓದಿದ್ದು ಅದೊಂದೇ ಮೋಸವನ್ನ. ಆದರೂ ಒಂದು ನಗುವಿಗೆ ಬಾಗಿಲು ತೆಗೆದೆ...'

ಸೈಕಲ್ ಹತ್ತಿದಳು. ಎದುರುಗಾಳಿ. ದಿಬ್ಬ. ಕಣ್ಣೀರು ಕಿವಿಯತ್ತ ಹರಿಯುತ್ತಿತ್ತು. ಎಲ್ಲರ ಮುಂದೆ ಆ ಕೊಪ್ಪರಿಗೆ ಎಳೆದು ತರುತ್ತೇನೆ, ಆಗಲಿ!

ಅರ್ಧ ದಾರಿಯಲ್ಲಿ ಬ್ರೇಕ್ ಒತ್ತಿದಳು.

ಎದುರಿಗೆ, ಮುಂದೆ ಪೆಟ್ಟಿಗೆಯಿರುವ ಸರಕಿನ ಸೈಕಲ್ಲನ್ನು ಹಿಡಿದು ತಡೆಯುತ್ತ, ಇಳಿಜಾರಿನಲ್ಲಿ ಜಾರುತ್ತ, ಏದುಸಿರು ಬಿಡುತ್ತ ಒಬ್ಬ ಇಳಿದು ಬರುತ್ತಿದ್ದ. ಪೆಟ್ಟಿಗೆಯಲ್ಲಿ ಹಿತ್ತಾಳೆ ಹೊಳೆಯುತ್ತಿತ್ತು.

"ಎಲ್ಲಿಗೆ ಸಾಗಿಸ್ತಿದ್ದೀರಾ?" ಅವಳು ಕಿರುಚಿದಳು. "ಇದರಲ್ಲೂ ಏನು ಆಟ? ಅಕ್ಕನ್ನ ಗೆಸ್ಟ್ ಮಾಡಿ ಕೂರಿಸಿ, ಕೊಪ್ಪರಿಗೆ ಬಚ್ಚಿಡೋಕಾ?"

"ದಕ್ಷಿಣಕ್ಕೆ," ಎಂದ ಸಂಕೇತ್.

"ನಂಬಲ್ಲ!"

"ನಂಬಬೇಡಿ. ಮುಚ್ಚಳ ತೆಗೀರಿ."

ಅವಳು ರಭಸದಿಂದ ಮುಚ್ಚಳ ಎತ್ತಿದಳು. ಒಳಗೆ ಒಂದು ಬೆನ್ನುಚೀಲ. ಅವಸರದಲ್ಲಿ ತುರುಕಿದ ಅಂಗಿಗಳು, ಒಂದು ಶೂ, ಇಸ್ತ್ರಿಪೆಟ್ಟಿಗೆ...

"ಇದೇನು...?"

"ನನ್ನ ಸಂಸಾರ." ಅವನು ಹಣೆಯ ಬೆವರು ಒರೆಸಿಕೊಂಡ. "ಅತ್ತೆ ಫೋನ್ ಮಾಡಿದ್ದು ಈಗ ಗೊತ್ತಾಯ್ತು. ಸೌಟು ಹಿಡಿಯೋ ಕೈ ಬೇಡ ಅಂದ್ರೆ ಕೊಪ್ಪರಿಗೇನೂ ಬೇಡ ಅಂದೆ. 'ಅವರ ಕಡೆ ಸೇರೋನು ಈ ಮನೇಲಿರ್ಬೇಡ' ಅಂದ್ರು ಮಾವ. ಸರಿ, ಇದರಲ್ಲೇ ಹಾಕ್ಕೊಂಡು ಹೊರಟೆ."

ನಾಯಿಲಾಳ ಕೈಯಿಂದ ಮುಚ್ಚಳ ಜಾರಿ ರಸ್ತೆಯಲ್ಲಿ ಠಣಾರೆಂದಿತು. ಚರಿತ್ರೆಯಲ್ಲಿ ಎಷ್ಟೋ ದ್ರೋಹ ಓದಿದ್ದಳು. ಉತ್ತರದವನೊಬ್ಬ ಕೊಟ್ಟ ಮಾತಿಗಾಗಿ ತನ್ನ ಮನೆ ಬಿಟ್ಟು, ತೆಗೆದುಕೊಂಡದ್ದನ್ನು ತಾನೇ ಹೊತ್ತು ದಕ್ಷಿಣಕ್ಕೆ ನಡೆದದ್ದನ್ನು ಮಾತ್ರ ಎಲ್ಲೂ ಓದಿರಲಿಲ್ಲ.

"ಯಾಕೆ?" ಎಂದಳು.

"ಅವತ್ತು ಚೈನ್ ಹಾಕುವಾಗ ಹೇಳಲಿಲ್ಲವಲ್ಲ, ಅದೇ ಕಾರಣ." ಅವನು ತಲೆ ತಗ್ಗಿಸಿದ. "ನಿಮ್ಮ ಮೇಲೆ ಪ್ರೀತಿ. ಆದ್ರೆ ಕೇಳಿ, ಪ್ರೀತಿ ಇಲ್ದಿದ್ರೂ ಇದನ್ನ ವಾಪಸ್ ತರ್ತಿದ್ದೆ."

ಆ ಕೊನೆಯ ಮಾತಿಗೇ ಅವಳು ಸೋತಳು.

ಬಾಗಿ ಮುಚ್ಚಳ ಎತ್ತಿಕೊಂಡಳು. ತನ್ನ ಸೈಕಲ್ಲನ್ನು ಬೇಲಿಗೆ ಒರಗಿಸಿ ಬಂದು, ಸರಕಿನ ಸೈಕಲ್ಲಿನ ಹಿಡಿಯ ಮೇಲೆ, ಅವನ ಕೈಯ ಪಕ್ಕದಲ್ಲೇ ಕೈಯಿಟ್ಟಳು. ಕೆಳಗೆ ಅಕ್ಕನ ಮಸಾಲೆಡಬ್ಬಿ ಕಾಯುತ್ತಿತ್ತು. ಬಯಲಲ್ಲಿ ಒಲೆ ಹೂಡಿದರೂ ಸರಿ, ಇವತ್ತು ಊರೆಲ್ಲ ಉಣ್ಣಬೇಕು. ಮೇಲಿನವರೂ ಬೇಕಾದರೆ ಇಳಿದು ಬರಲಿ.

"ಮೆಲ್ಲಗೆ... ಇಳಿಜಾರು," ಎಂದ ಅವನು.

"ನಾನು ಜೀವನಪೂರ್ತಿ ಅನುಮಾನ ಪಡ್ತೀನಿ. ಈಗ್ಲೇ ಹೇಳಿದ್ದೀನಿ."

"ಪಡಿ. ದೂರದಿಂದ ಮಾತ್ರ ಬೇಡ."