ಇಪ್ಪತ್ತು ಹೆಜ್ಜೆ ದೂರದಿಂದ ಬಂದ ಫೋನ್

ಅವನನ್ನು ಊರು ಬಿಡಿಸಿದವಳು ನಾನೇ. ಇನ್ಯಾರನ್ನು ದೂರಲಿ?

ನನ್ನ ಹೊಲಿಗೆ ಅಂಗಡಿಯ ನೆಲಕ್ಕೆ ಟೈಲ್ಸ್ ಹಾಕಲು ಬಂದವನು ಅವನು. ಎಲ್ಲಿ ಹೋದರೂ ಗೋಡೆಯ ಮೂಲೆ ನೆಟ್ಟಗಿದೆಯೇ ಎಂದು ನೋಡುವ ಚಟವಿದ್ದುದರಿಂದ ಊರೆಲ್ಲ ಅವನನ್ನು ಮೂಲೆಮಟ್ಟ ಎಂದೇ ಕರೆಯುತ್ತಿತ್ತು. ನನ್ನ ಮುಖ ನೋಡುವ ಮೊದಲೇ, ಇಲ್ಲಿ ಎಲ್ಲವೂ ಸೊಟ್ಟ ಇದೆ ಎಂದ. ನನಗೆ ಮೈಯೆಲ್ಲ ಉರಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಕೆಲಸ ಬಾರದಿದ್ದರೆ ಈಗಲೇ ಹೇಳಿಬಿಡು ಎಂದೆ.

ನಾಲ್ಕು ದಿನ ತುಟಿ ಪಿಟಕ್ಕೆನ್ನದೆ ಕೆಲಸ ಮಾಡಿದ. ಕೊನೆಯ ದಿನ ನನ್ನ ದಾರದ ರೀಲೊಂದನ್ನು ನೆಲದ ಮೇಲೆ ಅಡ್ಡ ಮಲಗಿಸಿ ಕೈಬಿಟ್ಟ. ಅದು ಅಲ್ಲಾಡಲಿಲ್ಲ. ಆಗ ಮೊದಲ ಸಲ ತಲೆಯೆತ್ತಿ ನನ್ನನ್ನು ನೋಡಿದ. ನೋಡಿದ್ದಕ್ಕೇ ಅವನ ಕಿವಿ ಕೆಂಪಾದವು.

"ನೆಲ ಡೊಂಕಿಲ್ಲ. ಇನ್ನು ಕುಣೀಬಹುದು" ಎಂದ.

ನಗು ತಡೆಯಲು ನಾನು ಟೇಪನ್ನು ಹಲ್ಲಲ್ಲಿ ಕಚ್ಚಿಕೊಂಡೆ.

ಆಮೇಲೆ ಅವನ ಅಂಗಿಯ ಗುಂಡಿಗಳು ಒಂದೊಂದಾಗಿ ಉದುರತೊಡಗಿದವು. ಒಂದೇ ಗುಂಡಿಯನ್ನು ಮೂರು ಸಲ ಹಾಕಿಕೊಟ್ಟೆ. ಹಲ್ಲಿನಿಂದ ಕಡಿದ ದಾರ ಯಾವುದು, ತಾನಾಗಿ ಸವೆದ ದಾರ ಯಾವುದು ಎಂದು ಹೊಲಿಯುವವಳಿಗೆ ಗೊತ್ತಾಗದೇ? ಗೊತ್ತಾಗದವಳ ಹಾಗೆ ಇದ್ದೆ.

ನಮ್ಮ ಮದುವೆಗೆ ನನ್ನ ಅಣ್ಣ ಒಂದೇ ಒಂದು ಷರತ್ತು ಹಾಕಿದ. ಹುಡುಗನಿಗೆ ಆರು ತಿಂಗಳಾದರೂ ಬಿಡುವಿಲ್ಲದ ಕೆಲಸವಿರಬೇಕು. ನಮ್ಮ ಊರಲ್ಲಿ ಟೈಲ್ಸ್ ಹಾಕಿಸುವ ಮನೆಗಳಾದರೂ ಎಷ್ಟು? ಅದೇ ವರ್ಷ ಗುಡ್ಡದ ಮೇಲೆ ಮೊಬೈಲ್ ಟವರ್ ಬಂದಿತ್ತು. ಅಲ್ಲಿಯವರೆಗೆ ಒಂದು ಫೋನ್ ಮಾಡಬೇಕೆಂದರೆ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಬೇಕಿತ್ತು. ಅಪ್ಪನ ಕಾಲದವರೂ ದುಡಿಯಲು ದೂರ ಹೋಗುತ್ತಿದ್ದರು, ಆದರೆ ಮನೆಯವರು ಹೇಗಿದ್ದಾರೆಂದು ತಿಳಿಯಲು ತಾವೇ ಬರಬೇಕಿತ್ತು. ಕೊಯ್ಲು ಮುಗಿಸಿ ಹೋದವರು ಬಿತ್ತನೆಗೆ ಮನೆಯಲ್ಲಿರುತ್ತಿದ್ದರು. ಟವರ್ ಬಂದಮೇಲೆ ಮೇಸ್ತ್ರಿಯ ಕರೆ ನೇರವಾಗಿ ಜೇಬಿಗೇ ಬಂತು. ಒಂದೇ ವರ್ಷದಲ್ಲಿ ನಮ್ಮ ಬೀದಿಯಿಂದ ಹನ್ನೊಂದು ಗಂಡಸರು ಹೋದರು.

ಅವರಲ್ಲಿ ಇವನೂ ಒಬ್ಬ. ಅಂಗಡಿಯ ನೆಲದ ಫೋಟೊ ತೆಗೆದು, ಕೆಳಗೆ ಇವನ ನಂಬರ್ ಹಾಕಿ, ಗೊತ್ತಿದ್ದ ಗ್ರೂಪುಗಳಿಗೆಲ್ಲ ಕಳಿಸಿದ ಜಾಣೆ ನಾನು. ಪಕ್ಕದ ಊರಿನವರು ಯಾರಾದರೂ ಕರೆಯಬಹುದು ಅಂದುಕೊಂಡಿದ್ದೆ. ಮರುದಿನ ಬೆಳಗ್ಗೆ ಕರೆದದ್ದು ಒಂದು ದಿನದ ದಾರಿಯಾಚೆಯ ನಗರದ ಮೇಸ್ತ್ರಿ.

"ಆರೇ ತಿಂಗಳು. ದಿನಾ ಫೋನ್ ಮಾಡ್ತೀನಲ್ಲ" ಎಂದ.

ಮಾಡಿದ. ಒಂದು ದಿನವೂ ತಪ್ಪಿಸಲಿಲ್ಲ. ಫೋನನ್ನು ಮೆಷಿನ್ನಿಗೆ ಒರಗಿಸಿಟ್ಟು ನಾನು ಹೊಲಿಯುತ್ತಿದ್ದರೆ, ಅವನು ಅಲ್ಲಿಂದಲೇ ಸದ್ದು ಕೇಳಿ, ಕೆಳಗಿನ ದಾರ ಮುಗೀತು ನೋಡು ಎನ್ನುತ್ತಿದ್ದ. ಅವನು ನೆಲ ಹಾಕಿದ ಅಡುಗೆಮನೆಗಳನ್ನೆಲ್ಲ ನಾನು ವಿಡಿಯೊದಲ್ಲೇ ಸುತ್ತಿ ಬಂದೆ. ಆರು ತಿಂಗಳು ಮೂರು ವರ್ಷವಾಯಿತು. ಅಣ್ಣ ಎಂದೋ ಒಪ್ಪಿಯಾಗಿತ್ತು. ನನ್ನನ್ನೂ ಕರೆದುಕೊಂಡು ಹೋಗು ಎಂದರೆ, ಒಂದೇ ರೂಮಲ್ಲಿ ಒಂಬತ್ತು ಜನ ಇದ್ದೇವೆ, ಬೇರೆ ಮನೆ ನೋಡಲಿ ತಡಿ ಎನ್ನುತ್ತಿದ್ದ. ರಜೆ ಸಿಕ್ಕಾಗಲೂ, ಮುಂದಿನ ತಿಂಗಳು ಬರುತ್ತೇನೆ ಎನ್ನುತ್ತಿದ್ದ, ಬರುತ್ತಿರಲಿಲ್ಲ. ಊಟಕ್ಕೆ ಮೊದಲು ಕುರುಕಲು ತಿಂದ ಮಗುವಿನ ಹಾಗೆ, ಅವನಿಗೆ ಹೊಟ್ಟೆಯೂ ತುಂಬಿರಲಿಲ್ಲ, ತಟ್ಟೆಯ ಮುಂದೆ ಬಂದು ಕೂರುವಷ್ಟು ಹಸಿವೂ ಇರಲಿಲ್ಲ. ದಿನಕ್ಕೊಂದು ಗಂಟೆ ಆ ಕುರುಕಲು ಕೊಡುತ್ತಿದ್ದವಳು ನಾನು.

ಅದು ಅರ್ಥವಾದ ಸೋಮವಾರ ನಾನು ಫೋನ್ ಎತ್ತಲಿಲ್ಲ. ಮಂಗಳವಾರವೂ ಎತ್ತಲಿಲ್ಲ. ಎದೆ ಕಲ್ಲು ಮಾಡಿಕೊಂಡು ನಾಲ್ಕು ದಿನ ಕಳೆದೆ. ಐದನೆಯ ದಿನ ಮಧ್ಯಾಹ್ನದ ಬಸ್ಸಿಗೆ ಅವನು ಬಂದಿಳಿದ.

ಬಾಗಿಲಲ್ಲಿ ನಿಂತವನನ್ನು ಕಂಡು ಓಡಿಹೋಗಿ ತಬ್ಬಿಕೊಳ್ಳಬೇಕು ಅನ್ನಿಸಿತು, ಆದರೆ ಮೆಷಿನ್ ಬಿಟ್ಟು ಏಳಲಿಲ್ಲ. ಇವನು ಇಷ್ಟು ಎತ್ತರ ಎಂಬುದನ್ನೇ ನಾನು ಮರೆತಿದ್ದೆ. ಮೈ ಚೆನ್ನಾಗಿದೆಯಾ ಎಂದು ಕೇಳಿದ. ಚೆನ್ನಾಗಿದೆ ಎಂದೆ. ಬಸ್ಸಲ್ಲಿ ಸೀಟು ಸಿಕ್ಕಿತಾ ಎಂದೆ. ಸಿಕ್ಕಿತು ಎಂದ. ಅಲ್ಲಿಗೆ ಮಾತು ಮುಗಿಯಿತು. ದಿನಕ್ಕೊಂದು ಗಂಟೆ ಹರಟುತ್ತಿದ್ದವರು ಹೊಸ ನೆಂಟರ ಹಾಗೆ ಕೂತೆವು. ಅವನು ಮೂಲೆ ನೋಡಿದ. ನಾನು ಅಳತೆಯಾದ ಬಟ್ಟೆಯನ್ನೇ ಮತ್ತೆ ಅಳೆದೆ. ಒಂದು ನಿಮಿಷ ಎಂದು ಹೇಳಿ ಅವನು ಎದ್ದು ಹೊರಗೆ ಹೋದ.

ನನ್ನ ಫೋನ್ ಹೊಡೆದುಕೊಂಡಿತು. ಕಿಟಕಿಯಿಂದ ನೋಡಿದರೆ, ಇಪ್ಪತ್ತು ಹೆಜ್ಜೆ ಆಚೆ, ಮರದ ಕೆಳಗೆ, ನನಗೆ ಬೆನ್ನು ಹಾಕಿ ನಿಂತಿದ್ದ. ಎತ್ತಿದೆ.

"ಎದುರಿಗೆ ಕೂತ್ರೆ ಮಾತೇ ಬರ್ತಿಲ್ಲ ಕಣೇ."

"ನನಗೂ" ಎಂದೆ.

"ನಿನಗೇನೋ ಆಯ್ತು ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಬಂದೆ. ನಿನ್ನ ನೋಡಿದ್ಮೇಲೆ ಜೀವ ಬಂತು. ಆದ್ರೆ ಯಾರದೋ ಊರಿಗೆ ಬಂದ ಹಾಗಿದೆ ನನಗೆ. ಇಲ್ಲಿ ಇರೋಕಾಗಲ್ಲ. ನಿನ್ನ ಹತ್ರ ಮಾತಾಡದೆಯೂ ಇರೋಕಾಗಲ್ಲ." ಆಮೇಲೆ ಕೇಳಿದ, "ಈಗ ಇರೋ ಹಾಗೇ ಇದ್ದುಬಿಡೋಣವಾ?"

ಒಂದು ಸಲ ಹಿಂತಿರುಗಿ ನೋಡಿದರೆ ಸಾಕು, ಬರಿಗಾಲಲ್ಲಿ ಓಡಿಹೋಗಿ ಒಂಬತ್ತು ಜನರ ಆ ರೂಮಿಗಾದರೂ ಹೊರಟುಬಿಡುತ್ತೇನೆ ಅಂದುಕೊಂಡೆ. ಅವನು ತಿರುಗಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದಿದ್ದ. ಅವನಿಗೆ ಪ್ರೀತಿಯಿರಲಿಲ್ಲ ಎಂದು ಯಾರೂ ಹೇಳಬಾರದು. ಇತ್ತು. ನನಗೆ ಅಳು ಉಕ್ಕಿ ಬಂತು.

"ನನಗೂ ನಿನ್ನ ಮೇಲೆ ಪ್ರಾಣ" ಎಂದೆ. "ಆದ್ರೆ ಹೀಗೇ ಇದ್ರೆ ಮೂರು ವರ್ಷ ಮೂವತ್ತಾಗುತ್ತೆ. ಇನ್ನು ಫೋನ್ ಮಾಡಬೇಡ. ನನ್ನ ಬಿಟ್ಟಿರೋಕೆ ಆಗದೇ ಹೋದ ದಿನ, ನೀನೇ ಬಾ."

ಕಿಟಕಿಯಾಚೆ ಅವನು ಮರಕ್ಕೆ ಹಣೆ ಒರಗಿಸಿದ.

"ಸರಿ. ಮಾಡಲ್ಲ" ಎಂದ.

ಸಂಜೆಯ ಬಸ್ಸಿಗೆ ಹೊರಟುಹೋದ. ಮೂಲೆಮಟ್ಟ ಕೊಟ್ಟ ಮಾತಿಗೆ ತಪ್ಪುವವನಲ್ಲ ಎಂದು ಊರಿಗೆಲ್ಲ ಗೊತ್ತು. ಎರಡು ವರ್ಷವಾಯಿತು, ಒಂದು ಸಲವೂ ಫೋನ್ ಮಾಡಿಲ್ಲ.