ನೂರ ಹದಿನೆಂಟೋ, ನೂರ ಹತ್ತೊಂಬತ್ತೋ

"ನಲವತ್ತೊಂದು!"

ಸ್ಮರಂದ ಕಾಗದದ ಕಟ್ಟನ್ನು ಮೇಜಿನ ಮೇಲೆ ಎಸೆದ ರಭಸಕ್ಕೆ ಬೋಟೊಂಡನ ಚಹಾ ತಟ್ಟೆಗೆ ಚೆಲ್ಲಿತು.

"ನಲವತ್ತೊಂದು ಕೆಂಪು ಸುತ್ತು! ನನ್ನ ಲೇಖನಕ್ಕೆ ದಡಾರ ಬಂದಂಗಿದೆ. ಇದೆಲ್ಲ ನಿಮ್ಮ ಕೈಕೆಲಸಾನಾ?"

"ಹೌದು. ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ ರೀ!"

ರೊಮೇನಿಯಾದ ಕ್ಲೂಜ್ ನಗರದ ಆ ಜಾನಪದ ಪತ್ರಿಕೆಯ ಕಚೇರಿಯಲ್ಲಿ ಯಾರೂ ಹೀಗೆ ದನಿ ಏರಿಸಿದ್ದಿಲ್ಲ. ಬೋಟೊಂಡ್ ಅಲ್ಲಿ ಕರಡು ತಿದ್ದುವವನು. ಹಂಗೇರಿಯನ್ ಮನೆಮಾತಿನ, ಎತ್ತರದ, ಮೌನಿ ಆಸಾಮಿ. ಅಡಿಟಿಪ್ಪಣಿಯಲ್ಲಿ ಒಂದು ಚುಕ್ಕೆ ತಪ್ಪಿದರೂ ಅವನಿಗೆ ಊಟ ಸೇರುತ್ತಿರಲಿಲ್ಲ.

ಸ್ಮರಂದ ಮರಮುರೆಶ್ ಗುಡ್ಡಗಳ ಕಡೆಯವಳು. ಸಾವಿನ ಮನೆಯಲ್ಲಿ ಹೆಂಗಸರು ಹಾಡುವ ಶೋಕಗೀತೆಗಳಲ್ಲಿ ಬೈಬಲಿನ ಕೀರ್ತನೆಗಳು ಹೇಗೆ ಬೆರೆತಿವೆ ಎಂದು ಮೂರು ವರ್ಷ ಅಲೆದು ಬರೆದಿದ್ದಳು. ಬುಧವಾರ ಪತ್ರಿಕೆ ನಡೆಸುವ ಸಂಸ್ಥೆಯ ಸಮಿತಿ ಈ ಲೇಖನ ಒಪ್ಪಿದರೆ ಅವಳಿಗೆ ಅಲ್ಲಿ ಕಾಯಂ ಹುದ್ದೆ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು!

"ನೀವು ಕೊಟ್ಟ ಕೀರ್ತನೆಗಳ ಸಂಖ್ಯೆ ಎಲ್ಲಾ ತಪ್ಪು," ಎಂದ ಬೋಟೊಂಡ್. "ಪ್ರತಿ ಕಡೆ ಒಂದು ಕಮ್ಮಿ. ಎಲ್ಲಕ್ಕಿಂತ ಉದ್ದದ ಕೀರ್ತನೆ ನೂರ ಹತ್ತೊಂಬತ್ತನೇದು. ನೀವು ನೂರ ಹದಿನೆಂಟು ಅಂತ ಬರ್ದಿದ್ದೀರಿ. ಪುಸ್ತಕ ತೆರೆದು ನೋಡಿದವರು ಹೀಗೆ ಬರೀತಾರಾ?"

ಸ್ಮರಂದಳ ಕಿವಿ ಕೆಂಪಾಯಿತು.

"ನಮ್ಮಪ್ಪ ಊರ ಚರ್ಚಿನಲ್ಲಿ ಕೀರ್ತನೆ ಓದೋರು. ಯಾರೇ ತೀರಿಕೊಂಡ್ರೂ ತಲೆಹತ್ರ ನಿಂತು ಓದ್ತಿದ್ರು. ಏಳನೇ ವಯಸ್ಸಿನಿಂದ ನಾನು ಪಕ್ಕದಲ್ಲಿ ಮೇಣದಬತ್ತಿ ಹಿಡಿದು ಪುಟ ತಿರುವಿದ್ದೀನಿ. ನನಗೆ ಹೇಳಿಕೊಡ್ತೀರಾ?"

"ಹಾಗಾದ್ರೆ ಆ ಪುಸ್ತಕ ತಂದು ತೋರಿಸಿ."

"ತರೋಕಾಗಲ್ಲ."

"ಯಾಕೆ?"

"ಅಪ್ಪನ ಕೈಯಲ್ಲಿಟ್ಟು ಮಣ್ಣು ಮಾಡಿದ್ವಿ!"

ಬೋಟೊಂಡ್ ಕೈಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟ.

"ಕ್ಷಮಿಸಿ..." ಎಂದ. "ಆದ್ರೆ ಸಮಿತಿಗೆ ನನ್ನ ಟಿಪ್ಪಣಿ ಆಗಲೇ ಹೋಗಿದೆ."

"ಏನಂತ?"

"ಲೇಖಕಿ ಮೂಲಗ್ರಂಥ ನೋಡಿಲ್ಲ ಅಂತ."

ಅವಳು ಕಾಗದ ಬಾಚಿಕೊಂಡು ಹೊರಟೇಹೋದಳು. ಬಾಗಿಲು ಬಡಿದ ಸದ್ದಿಗೆ ಪಕ್ಕದ ಕೋಣೆಯ ಬೆರಳಚ್ಚೂ ನಿಂತಿತು.

*

ಸ್ಮರಂದ ನೇರವಾಗಿ ಗ್ರಂಥಾಲಯಕ್ಕೆ ಓಡಿದಳು. 'ತೋರಿಸ್ತೀನಿ ಆ ಕೆಂಪು ಪೆನ್ನಿನ ಮಹಾರಾಜನಿಗೆ!' ಎಂದುಕೊಂಡು ಕಪಾಟಿನಲ್ಲಿ ಕೈಗೆ ಸಿಕ್ಕ ಮೊದಲ ಬೈಬಲನ್ನು ತೆರೆದಳು.

ನೂರ ಹತ್ತೊಂಬತ್ತು. ಆ ಉದ್ದನೆಯ ಕೀರ್ತನೆಯ ನೆತ್ತಿಯ ಮೇಲೆ ಅಚ್ಚಾಗಿದ್ದದ್ದು ನೂರ ಹತ್ತೊಂಬತ್ತೇ!

ಇನ್ನೊಂದು ಕೀರ್ತನೆ ನೋಡಿದಳು, ಮತ್ತೊಂದು ನೋಡಿದಳು. ಎಲ್ಲ ಕಡೆ ಅವನು ಹೇಳಿದ್ದೇ ಸರಿ.

'ಅಪ್ಪಾ... ನೀನು ತಪ್ಪು ಹೇಳಿಕೊಟ್ಟೆಯಾ? ಇಲ್ಲಾ ನಾನೇ ಮರೆತೆನಾ? ನಿನ್ನ ದನಿ ಒಂದೇ ನನಗೆ ಉಳಿದಿದ್ದು. ಅದೂ ತಪ್ಪಾ?'

ಹುದ್ದೆ ಹೋಗುವ ಭಯಕ್ಕಿಂತ ಈ ಅನುಮಾನವೇ ಅವಳನ್ನು ಹೆಚ್ಚು ಸುಟ್ಟಿತು.

ಮಂಗಳವಾರ ಮಧ್ಯಾಹ್ನ ಹೊಸ ಪ್ರತಿ ತೆಗೆದು ಸಂಖ್ಯೆ ತಿದ್ದಲು ಕೂತಳು. ಅವನ ಪ್ರತಿ ಎಡಗಡೆ, ತನ್ನದು ಬಲಗಡೆ. ನಲವತ್ತೊಂದನ್ನೂ ತಿದ್ದಿದಳು. ತಿದ್ದುವಾಗೆಲ್ಲ ಅಪ್ಪನ ಮುಖ ಎದುರು ಬರುತ್ತಿತ್ತು, ಅವಳು ಮೂಗು ಒರೆಸಿಕೊಂಡು ಮುಂದೆ ಹೋಗುತ್ತಿದ್ದಳು.

ಹತ್ತೊಂಬತ್ತನೇ ಪುಟದಲ್ಲಿ ಮಾತ್ರ ಅವಳ ಕೈ ನಿಂತಿತು. ಮಗನನ್ನು ಕಳೆದುಕೊಂಡ ಮುದುಕಿಯೊಬ್ಬಳ ಹಾಡಿನ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತೀರಾ ಸಣ್ಣಗೆ ಬರೆದಿತ್ತು: 'ಇದನ್ನು ಓದಿ ಕೆಲಸ ಮುಂದುವರಿಸಲು ಆಗಲಿಲ್ಲ. ಹೊರಗೆ ಸುತ್ತಾಡಿ ಬಂದೆ.'

ಅಳಿಸಲು ಮರೆತಿದ್ದನೇ? ಛೆ! ಈ ಮನುಷ್ಯನನ್ನು ಮನಸಾರೆ ದ್ವೇಷಿಸಲೂ ಆಗುವುದಿಲ್ಲವಲ್ಲ...

*

ಬುಧವಾರ ಬೆಳಿಗ್ಗೆ ಹತ್ತು ಗಂಟೆ. ಸಮಿತಿಯ ಅಧ್ಯಕ್ಷೆ ವೆತುರಿಯಾ ಕನ್ನಡಕ ಏರಿಸಿ ಟಿಪ್ಪಣಿ ಓದಿದರು.

"ಮೂಲಗ್ರಂಥ ನೋಡಿಲ್ಲ ಅಂತಾರಲ್ಲಮ್ಮ. ಇದು ಸಣ್ಣ ಮಾತಲ್ಲ. ತಿದ್ದಿದ ಪ್ರತಿ ತಂದಿದ್ದೀಯಾ?"

ಸ್ಮರಂದಳ ಚೀಲದಲ್ಲಿ ಎರಡು ಪ್ರತಿಗಳಿದ್ದವು. ತಿದ್ದಿದ್ದನ್ನು ಕೊಟ್ಟರೆ ಹುದ್ದೆ ಸಿಗುತ್ತದೆ. ಅಷ್ಟೇ, ಕೊಟ್ಟುಬಿಡು!

ಅವಳು ಚೀಲಕ್ಕೆ ಕೈ ಹಾಕಿದಳು. ಹೊರಗೆ ಬಂದದ್ದು ತಿದ್ದದ ಪ್ರತಿ.

"ಇದೇ ನನ್ನ ಲೇಖನ ಮೇಡಂ. ನಮ್ಮೂರಲ್ಲಿ ಸತ್ತವರ ಮುಂದೆ ನೂರ ಹದಿನೆಂಟು ಅಂತ ಹೇಳೇ ಓದಿದ್ದು. ನನ್ನ ಕಿವಿಯಾರೆ ಕೇಳಿದ್ದೀನಿ. ಬೇರೆ ಸಂಖ್ಯೆ ಬರೆದ್ರೆ ಅದು ಸುಳ್ಳಾಗುತ್ತೆ. ಕೆಲಸ ಹೋದ್ರೆ... ಹೋಗ್ಲಿ."

"ಯೋಚನೆ ಮಾಡಿ ಹೇಳ್ತಿದ್ದೀಯಾ?"

"ಹೂಂ..."

ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಬೋಟೊಂಡ್! ಏದುಸಿರು, ಕೆದರಿದ ತಲೆ, ಎರಡು ಕೈಯಲ್ಲಿ ಎರಡು ಪುಸ್ತಕ.

"ತಪ್ಪು ನನ್ನದು!" ಎಂದ.

ಅವನು ಬರುವ ದಾರಿಯಲ್ಲಿ ಆರ್ಥೊಡಾಕ್ಸ್ ಚರ್ಚಿನ ಮೇಣದಬತ್ತಿ, ಪುಸ್ತಕಗಳ ಅಂಗಡಿಗೆ ಹೋಗಿದ್ದ. ತನ್ನದೇ ಸರಿ ಎಂದು ಸಾಧಿಸಲು ಅವಳ ಪಂಗಡದ ಕೀರ್ತನಾಗ್ರಂಥವನ್ನೂ ಕೊಂಡಿದ್ದ. ಅಲ್ಲೇ ನಿಂತು ನೂರ ಹತ್ತೊಂಬತ್ತನ್ನು ತೆರೆದರೆ ಕಂಡದ್ದು ಬೆರಳೆಣಿಕೆಯ ಸಾಲುಗಳ ಒಂದು ಪುಟ್ಟ ಕೀರ್ತನೆ! ಆ ಉದ್ದನೆಯದು ಅದರ ಹಿಂದೆ, ನೂರ ಹದಿನೆಂಟರಲ್ಲಿತ್ತು.

"ನಾನು ನಮ್ಮಜ್ಜಿಯ ಬೈಬಲ್ ನೋಡಿ ಇವರ ಲೇಖನ ತಿದ್ದಿದೆ. ನಮ್ಮ ಪ್ರೊಟೆಸ್ಟಂಟರ ಎಣಿಕೆ ಬೇರೆ, ಇವರ ಆರ್ಥೊಡಾಕ್ಸರದು ಬೇರೆ. ಇವರಪ್ಪ ಒಂದು ಸಂಖ್ಯೆನೂ ತಪ್ಪಿಲ್ಲ. ಮೂಲಗ್ರಂಥ ನೋಡದೆ ಬರೆದವನು ನಾನು. ನನ್ನ ಟಿಪ್ಪಣಿ ವಾಪಸ್ ಕೊಡಿ. ನನ್ನ ಮೇಲೆ ಏನು ಕ್ರಮ ತಗೊಂಡ್ರೂ ಸರಿ."

ಇವರಪ್ಪ ತಪ್ಪಿಲ್ಲ... ಸ್ಮರಂದ ಕುರ್ಚಿಯ ಬೆನ್ನು ಹಿಡಿದು ನಿಂತಳು. ಕಣ್ಣು ತುಂಬಿ ಬಂತು.

ವೆತುರಿಯಾ ಎರಡೂ ಪುಸ್ತಕ ತಿರುವಿದರು. ಲೇಖನದ ಅಡಿಟಿಪ್ಪಣಿಗಳ ಮೇಲೂ ಕಣ್ಣಾಡಿಸಿದರು.

"ಯಾವ ಪುಸ್ತಕ ಅಂತ ನೀನೂ ಬರ್ದಿಲ್ಲ ತಾಯಿ, ಯಾವ ಪುಸ್ತಕ ಅಂತ ನೀನೂ ಕೇಳಿಲ್ಲ ಮಹಾರಾಯ! ಆ ಒಂದು ಸಾಲು ಮೊದಲ ಅಡಿಟಿಪ್ಪಣಿಯಲ್ಲಿ ಇದ್ದಿದ್ರೆ ನನ್ನ ಬೆಳಗಿನ ಕಾಫಿ ಆರ್ತಿರಲಿಲ್ಲ. ಹೋಗಿ, ಇಬ್ಬರೂ ಕೂತು ಅದನ್ನ ಬರೆದು ತನ್ನಿ. ಹುದ್ದೆ ನಿನ್ನದೇ ಸ್ಮರಂದ."

*

ಹೊರಗಿನ ಮೆಟ್ಟಿಲ ಮೇಲೆ ಕೂತು ಬೋಟೊಂಡ್ ಬರೆದು ಕೊಟ್ಟ. ಅವಳು ಓದಿದಳು:

'ಕೀರ್ತನೆಗಳ ಸಂಖ್ಯೆ ಆರ್ಥೊಡಾಕ್ಸ್ ಕೀರ್ತನಾಗ್ರಂಥದಂತೆ. ಲೇಖಕಿಯ ತಂದೆ ಗಾವ್ರಿಲ ಓದುತ್ತಿದ್ದ ಕ್ರಮವೂ ಇದೇ. ಇತರ ಆವೃತ್ತಿಗಳಲ್ಲಿ, ಇಲ್ಲಿ ಉಲ್ಲೇಖಿಸಿರುವ ಕೀರ್ತನೆಗಳಿಗೆ ಒಂದು ಸಂಖ್ಯೆ ಹೆಚ್ಚು.'

"ಅಪ್ಪನ ಹೆಸರು... ನಿಮಗೆ ಹೇಗೆ..."

"ನಿಮ್ಮ ಲೇಖನದ ಅರ್ಪಣೆಯಲ್ಲಿತ್ತು. ಮೂಲ ಯಾವುದು ಅಂತ ಹೇಳ್ಬೇಕಲ್ವಾ? ಅದು ನಿಯಮ."

ಅವಳು ಅತ್ತುಬಿಟ್ಟಳು. ಅವನು ಕರವಸ್ತ್ರ ಹುಡುಕಿದ. ಸಿಕ್ಕಿದ್ದು ಶಾಯಿ ಹತ್ತಿದ ಒಂದು ಬಟ್ಟೆ. ಅದನ್ನೇ ಕೊಟ್ಟ.

"ಹತ್ತೊಂಬತ್ತನೇ ಪುಟದ ಪೆನ್ಸಿಲ್ ಬರಹ ಅಳಿಸೋಕೆ ಮರೆತ್ರಾ?"

"ಮರೀಲಿಲ್ಲ. ಇಡೀ ಪ್ರತಿಯಲ್ಲಿ ನಾನು ಸರಿಯಾಗಿ ಬರೆದಿದ್ದು ಅದೊಂದೇ." ಅವನ ದನಿ ತಗ್ಗಿತು. "ಆ ಹಾಡು ಓದಿದಾಗಲೇ ನಿಮ್ಮನ್ನ ನೋಡ್ಬೇಕು ಅನ್ನಿಸಿತ್ತು. ನೋಡಿದೆ, ಚೆನ್ನಾಗಿ ಬೈಸ್ಕೊಂಡೆ... ಆದ್ರೂ ದಿನಾ ನೋಡ್ತಾ ಇರ್ಬೇಕು ಅನ್ನಿಸ್ತಿದೆ."

ಸ್ಮರಂದ ತೊಡೆಯ ಮೇಲಿದ್ದ ಎರಡು ಪುಸ್ತಕಗಳನ್ನು ನೋಡುತ್ತಾ ಕೇಳಿದಳು.

"ಇವೆರಡೂ ಎಲ್ಲೂ ಒಂದಾಗೋದೇ ಇಲ್ವಾ?"

"ಎಂಟರ ತನಕ ಒಂದೇ. ಒಂಬತ್ತರಲ್ಲಿ ಬೇರೆಯಾಗ್ತವೆ. ಆಮೇಲೆ ನೂರ ನಲವತ್ತೆಂಟರಲ್ಲಿ ಮತ್ತೆ ಸೇರ್ತವೆ. ಅಲ್ಲಿಂದ ಕೊನೇ ತನಕ ಜೊತೆಗೇ."

"ಅಷ್ಟು ದೂರ ಜಗಳ ಆಡ್ಕೊಂಡೇ ಹೋಗ್ಬೇಕಾ?"

"ನೇರ ಅಲ್ಲಿಗೇ ಹೋಗೋಣ್ವಾ, ಸ್ಮರಂದ?"

ಅವಳು ಅವನ ಜೇಬಿನಿಂದ ಕೆಂಪು ಪೆನ್ನು ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು.

"ನಡಿ ಬೋಟೊಂಡ್," ಎಂದಳು, ಮೊದಲ ಸಲ ಏಕವಚನದಲ್ಲಿ. "ಇನ್ಮೇಲೆ ಇದು ನನ್ನ ಹತ್ರಾನೇ ಇರುತ್ತೆ."