ಒರಿಜಿನಲ್ ಅಲ್ಲದ ಮೊಳೆ

ಎರಡು ಉಕ್ಕಿನ ಕಪಾಟಿನಷ್ಟು ದೊಡ್ಡ ಕಂಪ್ಯೂಟರನ್ನು ನದಿಯಾಚೆಯ ತೊಕ್ಕೊಟ್ಟಿನಿಂದ ನಮ್ಮ ಜೆಪ್ಪುವಿನ ತನಕ ತಲೆಯ ಮೇಲೆ ಹೊತ್ತು ತಂದವನು ಈ ಭೂಮಿಯಲ್ಲಿ ಒಬ್ಬನೇ. ಅದು ನಾನು, ಜೆರೋಮ್. ನೇತ್ರಾವತಿ ಸೇತುವೆಯ ನಡುವೆ ಬೆವರು ಒರೆಸಲೆಂದು ಒಂದು ಕೈ ಬಿಟ್ಟಾಗ ಸೇತುವೆ ಒಂದು ಗೇಣು ಕೆಳಗಿಳಿಯಿತು. ಪಕ್ಕದ ಹಳಿಯಲ್ಲಿ ಬರುತ್ತಿದ್ದ ರೈಲು ನಿಂತು ನನಗೆ ದಾರಿ ಬಿಟ್ಟಿತು. ಇದನ್ನು ಕೇಳಿದಾಗಲೆಲ್ಲ ನನ್ನ ಅಕ್ಕ ಎಸ್ತೆರ್ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಹಾಗಾದರೆ ನಿನ್ನ ಟೆಂಪೋ ಯಾರ ತಲೆಯ ಮೇಲಿತ್ತು?"

ನಂಬದಿದ್ದರೆ ಬಿಡಿ. ಆ ಯಂತ್ರವನ್ನು ಕೊಂಡ ಹ್ಯೂಬರ್ಟನ ಗತಿ ಏನಾಯಿತೆಂಬುದನ್ನಂತೂ ನಂಬಬೇಕು.

ಹ್ಯೂಬರ್ಟ್ ಬೊಂಬಾಯಿಯವನು. ಅಲ್ಲಿ ಒಂದು ಕಂಪೆನಿಯ ಕಂಪ್ಯೂಟರುಗಳನ್ನು ರಿಪೇರಿ ಮಾಡುತ್ತಿದ್ದವನು ೧೯೮೦ರ ಬೇಸಗೆಯ ಹೊತ್ತಿಗೆ ಹೆಂಡತಿಯ ಊರಿಗೆ ಬಂದು ನೆಲೆಸಿದ್ದ. ಹೆಂಡತಿ ಜೋನ್ ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಮಗಳು ಜೂಲಿಗೆ ನಾಲ್ಕು ವರ್ಷ. ನಮಗೂ ಅವರಿಗೂ ನಡುವೆ ಇದ್ದದ್ದು ಸೊಂಟದೆತ್ತರದ ಕೆಂಪುಕಲ್ಲಿನ ಗೋಡೆ ಮಾತ್ರ. ಜನ ಅಂಚೆಚೀಟಿ ಕೂಡಿಡುತ್ತಾರೆ, ಹ್ಯೂಬರ್ಟ್ ಕಂಪೆನಿಗಳು ಎಸೆದ ಹಳೆಯ ಲೆಕ್ಕದ ಯಂತ್ರಗಳನ್ನು ಕೂಡಿಡುತ್ತಿದ್ದ. ಹಿಂದಿನ ಕೋಣೆಯ ತುಂಬ ಟೆಲಿಪ್ರಿಂಟರ್, ಕಾರ್ಡಿಗೆ ತೂತು ಹೊಡೆಯುವ ಯಂತ್ರ, ಹಂಡೆಯಷ್ಟು ದಪ್ಪದ ಟೇಪಿನ ಸುರುಳಿಗಳು. ಒಳಗೆ ಕಾಲಿಟ್ಟರೆ ಬೆಸುಗೆಯ ರಾಳದ ಹೊಗೆ, ಬಿಸಿ ಧೂಳಿನ ವಾಸನೆ. ತಯಾರಿಸಿದವನು ಹಾಕದ ಒಂದು ಸ್ಕ್ರೂ ಕೂಡ ಯಂತ್ರದಲ್ಲಿ ಇರಕೂಡದು, ಅದು ಅವನ ವ್ರತ. ಯಾವನೋ ನಡುವೆ ಹಾಕಿದ ಒಂದು ಬಲ್ಬನ್ನು ಕಿತ್ತೆಸೆದು, ಅದೇ ಕಾಲದ ಬಲ್ಬು ಇಂಗ್ಲೆಂಡಿನಿಂದ ಬರುವ ತನಕ ಕತ್ತಲೆಯಲ್ಲಿ ಕೂತವನು ಅವನು. "ಒರಿಜಿನಲ್ ಆಗಿರಬೇಕು ಜೆರೋಮ್," ಎನ್ನುತ್ತಿದ್ದ, ಜಪಮಣಿ ಎಣಿಸುವವನ ಹಾಗೆ.

ಆ ದೊಡ್ಡ ಯಂತ್ರ ಸಿಕ್ಕಿದ್ದು ತೊಕ್ಕೊಟ್ಟಿನ ಗುಜರಿಯಲ್ಲಿ. ತುಕ್ಕು, ಸುಟ್ಟ ರಬ್ಬರು, ಪಕ್ಕದಂಗಡಿಯ ಒಣಮೀನು ಎಲ್ಲ ಸೇರಿ ಗಂಟಲಿಗೆ ಅಂಟುವ ನಾತ. ಹ್ಯೂಬರ್ಟನಿಗೆ ಅದು ಮಲ್ಲಿಗೆ. ಅವನು ಹಿಂಬದಿಯ ಬಾಗಿಲು ತೆರೆದು ಇಣುಕಿ ಉಸಿರು ಬಿಗಿಹಿಡಿದ. ಚೌಕಟ್ಟಿನೊಳಗೆ ಕೂದಲೆಳೆಯಂಥ ತಾಮ್ರದ ತಂತಿಗಳು; ಆ ತಂತಿಗಳಿಗೆ ಪೋಣಿಸಿದ, ಸಾಸಿವೆಗಿಂತ ಚಿಕ್ಕ ಕಪ್ಪು ಉಂಗುರಗಳು ಸಾವಿರ ಸಾವಿರ.

"ನೋಡು, ಇದು ಇದರ ನೆನಪು. ಕರೆಂಟು ಹೋದರೂ ಹೋಗುವುದಿಲ್ಲ," ಎಂದ.

ಗುಜರಿಯ ಉಸ್ಮಾನ್ ದೂರದಲ್ಲೇ ನಿಂತಿದ್ದ. "ಯಂತ್ರ ಕೊಂಡುಹೋಗಿ ಸಾರ್. ಆ ಚೌಕಟ್ಟಿನ ಹಿಂದೆ ಕಾಸರಕದ ಮರದ ಹಲಗೆ ಉಂಟು, ಅದರಲ್ಲಿ ಒಂದು ಮೊಳೆ ಉಂಟು. ಅದನ್ನು ಮಾತ್ರ ಮುಟ್ಟಬೇಡಿ."

"ಮುಟ್ಟಿದರೆ?"

"ಮನೆಯಲ್ಲಿ ಯಾರೆಲ್ಲ ಇದ್ದಾರೆ?"

"ಹೆಂಡತಿ, ಮಗಳು."

"ಹಾಗಾದರೆ ಮುಟ್ಟಲೇಬೇಡಿ." ಉಸ್ಮಾನ್ ಸ್ವರ ತಗ್ಗಿಸಿದ. "ಬಸ್ಸಿನ ಧಣಿ ಜಯಪಾಲಣ್ಣನ ಆಫೀಸಿನದ್ದು ಇದು. ಜಾಗದ ತಕರಾರಿಗೆ ದಾಯಾದಿಗಳು ಅವರಿಗೆ ಮಾಟ ಮಾಡಿಸಿದ್ದರು. ಅದನ್ನು ಬಿಡಿಸಿದ ಮಂತ್ರವಾದಿ ಇದರಲ್ಲಿ ಕಟ್ಟಿ ಹಾಕಿದ್ದಾನೆ. ಮಡಕೆಯಲ್ಲಿ ನಿಲ್ಲಲಿಲ್ಲ, ಮರದಲ್ಲಿ ನಿಲ್ಲಲಿಲ್ಲ, ಇದರಲ್ಲಿ ನಿಂತಿತು."

ಹ್ಯೂಬರ್ಟ್ ಗುಜರಿಯ ತಗಡೆಲ್ಲ ನಡುಗುವಂತೆ ನಕ್ಕ. "ಎಂತ ಮಾರಾಯ, ಕಂಪ್ಯೂಟರಿಗೂ ದೆವ್ವವಾ? ಯಾವ ಭಾಷೆಯಲ್ಲಿ ಪ್ರೋಗ್ರಾಮ್ ಬರೆದಿದ್ದಾರೆ, ತುಳುವಿನಲ್ಲಾ?"

ನಾನೂ ನಕ್ಕೆ. ಉಸ್ಮಾನ್ ನಗಲಿಲ್ಲ.

ಇಡೀ ಏಪ್ರಿಲ್ ಹ್ಯೂಬರ್ಟ್ ಆ ಯಂತ್ರದ ಹೊಟ್ಟೆಯೊಳಗೇ ಇದ್ದ. ಹಲ್ಲುಜ್ಜುವ ಬ್ರಶ್ಶಿನಿಂದ ತುಕ್ಕು ತಿಕ್ಕಿದ, ಇಲಿ ಕಡಿದ ತಂತಿಗಳನ್ನು ಬೆಸೆದ, ಗುಂಡಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗಿಟ್ಟ. ಕೊನೆಗೆ ತಯಾರಿಸಿದವನದಲ್ಲದ ವಸ್ತು ಒಂದೇ ಉಳಿಯಿತು. ಕಿರುಬೆರಳುದ್ದದ ಕಬ್ಬಿಣದ ಮೊಳೆ, ತಲೆಯ ಸುತ್ತ ಕರಿ ನೂಲು, ಬುಡದಲ್ಲಿ ಒಣಗಿ ಗಟ್ಟಿಯಾದ ಕೆಂಪು ಅಂಟು. ಎಲ್ಲ ಮುಗಿದ ಮೇಲೂ ಅವನ ಕಣ್ಣು ಅಲ್ಲಿಗೇ ಹೋಗುತ್ತಿತ್ತು, ಹಲ್ಲಿನ ಸಂದಿಯ ನಾರಿಗೆ ನಾಲಿಗೆ ಹೋಗುವ ಹಾಗೆ.

"ಬಿಟ್ಟುಬಿಡು ಹ್ಯೂಬರ್ಟ್," ಎಂದೆ.

"ಒರಿಜಿನಲ್ ಅಲ್ಲ ಅದು," ಎಂದ. ಇಕ್ಕುಳ ಎತ್ತಿಕೊಂಡ.

ಮಧ್ಯಾಹ್ನ. ಹಂಚಿನ ಕಾರ್ಖಾನೆಯ ಹೊಗೆ ಅಲುಗಾಡದೆ ನಿಂತಿತ್ತು. ನಾನು ಟಾರ್ಚು ಹಿಡಿದೆ. ಮೊಳೆ ಸುಲಭಕ್ಕೆ ಬರಲಿಲ್ಲ. ಬಂದಾಗ ಹಸಿ ಹಲ್ಲು ಕಿತ್ತ ಸದ್ದು. ಹಲಗೆಯ ತೂತಿನಿಂದ ಒಂದು ವಾಸನೆ ಹೊರಟಿತು: ಸುಟ್ಟ ಕೂದಲು, ಒದ್ದೆ ಬೂದಿ, ಬಹಳ ದಿನ ಮುಚ್ಚಿಟ್ಟ ಹಾಲು. ಮಾವಿನ ಮರದ ಕಾಗೆಗಳು ಸುಮ್ಮನಾದವು. ಹ್ಯೂಬರ್ಟ್ ಸ್ವಿಚ್ಚು ಒತ್ತಿದ. ಯಂತ್ರ ಗುಂಯ್‌ಗುಟ್ಟಿತು. ಫಲಕದ ದೀಪಗಳು ಸಾಲುಸಾಲಾಗಿ ಕಣ್ಣು ಬಿಟ್ಟವು. ಅವನು ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. "ಎಲ್ಲಿ ನಿನ್ನ ದೆವ್ವ?"

ಆಗ ಅಂಗಳದಲ್ಲಿ ಅವನದೇ ನಾಯಿ ಅವನನ್ನು ನೋಡಿ ಬೊಗಳಲು ತೊಡಗಿತು. ಕೈ ಚಾಚಿದರೆ ಹಲ್ಲು ಕಿರಿಯಿತು. ಸೆಕೆಗೆ ಹುಚ್ಚು ಹಿಡಿದಿರಬೇಕು ಎಂದು ಹ್ಯೂಬರ್ಟ್ ಕಲ್ಲು ಎತ್ತಿದ.

ಸಂಜೆ ಜೋನ್ ಬಂದಳು. ಬಿಳಿ ಸಮವಸ್ತ್ರದ ಸೀರೆ, ಒಂದು ಕೈಯಲ್ಲಿ ಬ್ರೆಡ್ಡಿನ ಕಟ್ಟು, ಇನ್ನೊಂದರಲ್ಲಿ ಜೂಲಿಯ ಕೈ. ಪಡಸಾಲೆಯಲ್ಲಿ ಕೂತ ಗಂಡನನ್ನು ಕಂಡು ಹೊಸ್ತಿಲಲ್ಲೇ ನಿಂತಳು.

"ಯಾರು ನೀವು? ಯಾರು ಬೇಕಿತ್ತು?"

"ತಮಾಷೆ ಸಾಕು ಜೋನ್. ಚಾ ಮಾಡು."

"ನನ್ನ ಹೆಸರು ನಿಮಗೆ ಹೇಗೆ ಗೊತ್ತು?" ಅವಳ ಸ್ವರ ಒಡೆಯಿತು. "ಜೆರೋಮ್! ಜೆರೋಮ್, ಇಲ್ಲಿ ಬಾ! ಮನೆಯೊಳಗೆ ಯಾರೋ ಬಂದಿದ್ದಾರೆ!"

ನಾನು ಗೋಡೆ ಹಾರಿ ಬಂದೆ. ಜೂಲಿ ಅಮ್ಮನ ಸೆರಗಿನ ಹಿಂದೆ ಅಡಗಿ ಅಪ್ಪನನ್ನು ನೋಡುತ್ತಿದ್ದಳು, ಬಸ್‌ಸ್ಟ್ಯಾಂಡಿನ ಕುಡುಕನನ್ನು ನೋಡುವಂತೆ. ಹ್ಯೂಬರ್ಟ್ ಮಂಡಿಯೂರಿ ಕೈ ಚಾಚಿದ. ಮಗು ಕಿರುಚಿತು.

ಆ ಕಿರುಚಾಟಕ್ಕೆ ಅವನ ನಗು ಸತ್ತಿತು.

ಮರುದಿನ ಬೆಳಗ್ಗೆ ಇಬ್ಬರೂ ತೊಕ್ಕೊಟ್ಟಿಗೆ ಓಡಿದೆವು. ಉಸ್ಮಾನ್ ಹ್ಯೂಬರ್ಟನ ಮುಖ ನೋಡಿದವನೇ ಕುರ್ಚಿ ಎಳೆದು ಕೊಟ್ಟ.

"ಹೆಂಡತಿಗೆ ಗುರ್ತ ಸಿಗಲಿಲ್ಲ ಅಲ್ಲವಾ? ಅದೇ ಮಾಟ. ಮನೆಯವರಿಗೆ ಮರೆವು. ಮೊಳೆ ಪುನಃ ಅದೇ ತೂತಿಗೆ ಹೊಡೆಯಿರಿ, ಗುರ್ತ ಸಿಗ್ತದೆ."

"ಅಷ್ಟೆಯಾ?"

"ಅಷ್ಟೇ ಅಲ್ಲ." ಉಸ್ಮಾನ್ ನೆಲ ನೋಡಿದ. "ಅದು ಖಾಲಿ ಹೊಟ್ಟೆಯಲ್ಲಿ ಒಳಗೆ ಹೋಗುವುದಿಲ್ಲ. ನೀವು ಹೊಡೆಯುವಾಗ ಪಕ್ಕದಲ್ಲಿ ನಿಂತವನು ಒಬ್ಬರ ಹೆಸರು ಹೇಳಬೇಕು. ಆ ಹೆಸರಿನವರನ್ನು ಅವರ ಮನೆಯವರು ಮರೀತಾರೆ. ಮೊಳೆ ಇರುವಷ್ಟು ದಿನ. ಜಯಪಾಲಣ್ಣನ ಹೆಂಡತಿ ಕುಶಲಕ್ಕ ಈಗ ಗಂಡನನ್ನು ಗುರ್ತ ಹಿಡೀತಾರೆ. ನಿನ್ನೆ ನೀವು ಮೊಳೆ ಕೀಳುವ ತನಕ ಅಂಗಳದಲ್ಲಿ ಕೂತ ಒಬ್ಬ ಮುದುಕಿಗೆ ಇಬ್ಬರೂ ಅನ್ನ ಹಾಕ್ತಿದ್ದರು, ಯಾರೆಂದು ಗೊತ್ತಿಲ್ಲದೆ."

ವಾಪಸ್ಸು ಬರುವಾಗ ಸೇತುವೆಯ ಮೇಲೆ ಹ್ಯೂಬರ್ಟ್ ಮೊಳೆಯನ್ನು ಜೇಬಿನಿಂದ ತೆಗೆದು ತಿರುವಿ ತಿರುವಿ ನೋಡುತ್ತಿದ್ದ. ನನ್ನ ಎದೆ ಉಬ್ಬಿತು.

"ನನ್ನ ಹೆಸರು ಹೇಳ್ತೇನೆ ಮಾರಾಯ! ನನಗೆ ಇರುವುದು ಎಸ್ತೆರ್ ಒಬ್ಬಳು. ಮರೆತರೆ ಒಳ್ಳೆಯದೇ, ಬೈಗುಳ ತಪ್ಪಿತು!"

ಅವನು ಟೆಂಪೋದಲ್ಲೇ ನನ್ನ ಕೈ ಹಿಡಿದು ಅತ್ತ.

ಕತ್ತಲಾಗುವ ತನಕ ನಮ್ಮ ಮನೆಯಲ್ಲಿ ಕಾದು, ಹಿಂದಿನ ಕೋಣೆಗೆ ಹಿತ್ತಲ ಕಡೆಯಿಂದ ಕಳ್ಳರ ಹಾಗೆ ನುಗ್ಗಿದೆವು. ಇಗರ್ಜಿಯ ಸಂಜೆಯ ಗಂಟೆ ಮುಗಿದಿತ್ತು. ಕರೆಂಟು ಇರಲಿಲ್ಲ. ಆದರೂ ಯಂತ್ರ ಗುಂಯ್‌ಗುಡುತ್ತಿತ್ತು. ದೀಪಗಳು ಉರಿಯುತ್ತಿದ್ದವು. ಕೋಣೆಯ ಗಾಳಿ ನಾಲಿಗೆಗೆ ತುಕ್ಕಿನ ರುಚಿ ಕೊಡುತ್ತಿತ್ತು. ಹಾಲಿನ ಆ ಕೊಳೆತ ವಾಸನೆ ಈಗ ಬೆಚ್ಚಗಿತ್ತು, ಯಾರೋ ಮುಖದ ಹತ್ತಿರ ಬಂದು ಉಸಿರಾಡಿದ ಹಾಗೆ.

ಹ್ಯೂಬರ್ಟ್ ಮೊಳೆಯನ್ನು ತೂತಿಗಿಟ್ಟ. ಸುತ್ತಿಗೆ ಎತ್ತಿದ. ಉಂಗುರಗಳು ಸದ್ದು ಮಾಡತೊಡಗಿದವು. ಸಾವಿರ ಇರುವೆಗಳು ಒಣ ಎಲೆಯ ಮೇಲೆ ನಡೆದಂತೆ. ಮೊದಲ ಏಟು. ದೀಪಗಳು ಕೆಂಪಗಾದವು. ಎರಡನೆಯದು. ಟಾರ್ಚು ಆರಿತು. ಕತ್ತಲೆಯಲ್ಲಿ ಏನೋ ನನ್ನ ಕೆನ್ನೆ ಸವರಿತು. ಕೂದಲು. ಉದ್ದ ಕೂದಲು. ತಣ್ಣಗೆ.

"ಹೇಳು ಜೆರೋಮ್! ಹೆಸರು ಹೇಳು!"

ಮನೆಯ ಕಡೆಯ ಬಾಗಿಲು ಕಿರುಗುಟ್ಟಿತು. ಮೇಣದಬತ್ತಿಯ ಬೆಳಕು. ಹೊಸ್ತಿಲಲ್ಲಿ ಜೂಲಿ, ಸದ್ದು ಕೇಳಿ ಬಂದವಳು. ಆ ಕ್ಷಣದಲ್ಲಿ, ಯಾರೂ ಮುಟ್ಟದ ಟೆಲಿಪ್ರಿಂಟರ್ ಮೂಲೆಯಲ್ಲಿ ಕಟಕಟ ಎಂದಿತು. ಕಾಗದ ಉರುಳಿತು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಆ ಯಂತ್ರ ತಾನೇ ಹೆಸರು ಹೊಡೆಯಿತು. ಜೂಲಿ. ಮೂರನೆಯ ಏಟು ಬಿತ್ತು.

ನಿಶ್ಶಬ್ದ. ದೀಪಗಳಿಲ್ಲ. ವಾಸನೆಯಿಲ್ಲ.

"ಪಪ್ಪಾ!" ಎಂದು ಕೂಗಿ ಮಗು ಓಡಿಬಂದು ಹ್ಯೂಬರ್ಟನ ಕಾಲು ತಬ್ಬಿತು. ಒಳಗಿನಿಂದ ಜೋನ್‌ಳ ಸ್ವರ: "ಹ್ಯೂಬರ್ಟ್, ಎಲ್ಲಿದ್ದಿ? ಊಟಕ್ಕೆ ಬಾ." ನೋಡಿ, ಎಂಥ ಸಿಹಿಯಾದ ಸ್ವರ!

ಹ್ಯೂಬರ್ಟ್ ಮೆಲ್ಲಗೆ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಜೆರೋಮ್," ಎಂದ, "ಇದು ಯಾರ ಮಗು?"

ಜೂಲಿಯನ್ನು ಎಸ್ತೆರ್ ಸಾಕಿದಳು. ಯಂತ್ರವನ್ನು ಹ್ಯೂಬರ್ಟ್ ನನಗೇ ಕೊಟ್ಟ, ಅದನ್ನು ಏಕೋ ನೋಡಲೂ ಆಗುವುದಿಲ್ಲ ಎಂದ. ನಾನು ಅದನ್ನು ದೋಣಿಯಲ್ಲಿ ಹೊಳೆ ಸಮುದ್ರ ಸೇರುವ ಅಳಿವೆಬಾಗಿಲಿಗೆ ಒಯ್ದು ಒಂದೇ ಕೈಯಲ್ಲಿ ಸಮುದ್ರಕ್ಕೆ ಎಸೆದೆ. ಬಿದ್ದ ಹೊಡೆತಕ್ಕೆ ಮೀನುಗಳು ಬೆಂಗ್ರೆಯ ಅಂಗಳಗಳಲ್ಲಿ ಉದುರಿದವು.

ಒಂಬತ್ತು ವರ್ಷ ಈ ಕತೆಯನ್ನು ಇಲ್ಲಿಗೇ ಮುಗಿಸುತ್ತ ಬಂದೆ. ಮೊನ್ನೆ ನಮ್ಮ ಜಗಲಿಯಲ್ಲಿ ನೆಂಟರಿಗೆ ಹೇಳಿ ಮುಗಿಸಿದಾಗ ಎಲ್ಲರೂ ಎದ್ದರು. ಜೂಲಿ ಏಳಲಿಲ್ಲ. ಗೋಡೆಯಾಚೆ ಜೋನ್ ಬಟ್ಟೆ ಒಣಹಾಕುತ್ತಿದ್ದಳು. ಅವಳನ್ನೇ ನೋಡುತ್ತ ಜೂಲಿ ಹೇಳಿದಳು:

"ಟೈಪಿನ ಸದ್ದು ನನಗೆ ಕೇಳಲಿಲ್ಲ ಅಂಕಲ್. ನಾನು ಬಾಗಿಲಲ್ಲೇ ಇದ್ದೆನಲ್ಲ. ನನ್ನ ಹೆಸರು ಹೇಳಿದ್ದು ನಿಮ್ಮ ಸ್ವರ."

"ನಾಲ್ಕು ವರ್ಷದ ಮಗು ನೀನು, ನಿನಗೆಂತ ನೆನಪು..."

"ನನಗೆ ಎಲ್ಲ ನೆನಪು ಉಂಟು. ಮರೆತದ್ದು ಅವರು." ಅವಳ ಸ್ವರದಲ್ಲಿ ಸಿಟ್ಟಿರಲಿಲ್ಲ. "ಆ ಯಂತ್ರ ಎಲ್ಲುಂಟು?"

ಸಮುದ್ರ ಎನ್ನಲು ಬಾಯಿ ತೆರೆದೆ. ಅಡುಗೆಮನೆಯಲ್ಲಿ ಎಸ್ತೆರ್ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು.

ಟೆಲಿಪ್ರಿಂಟರ್ ಏನನ್ನೂ ಹೊಡೆಯಲಿಲ್ಲ. ನನ್ನ ಹೆಸರು ಹೇಳಲೆಂದೇ ನಿಂತಿದ್ದೆ. ಎಸ್ತೆರ್ ಬಾಗಿಲು ತೆರೆದು 'ಯಾರು ಬೇಕಿತ್ತು' ಎಂದು ಕೇಳುವುದು ಕಣ್ಣಿಗೆ ಕಟ್ಟಿತು. ಎದುರಿಗೆ ಮಗು ಕಂಡಿತು. ಅದರ ಹೆಸರು ಹೇಳಿದೆ. ಯಂತ್ರ ಸಮುದ್ರದಲ್ಲಿಲ್ಲ. ನನ್ನ ಟೆಂಪೋ ಶೆಡ್ಡಿನಲ್ಲಿ ಗೋಣಿಯ ಕೆಳಗೆ ಇದೆ. ಯಾವ ದಿನ ಬೇಕಾದರೂ ಆ ಮೊಳೆ ಕಿತ್ತು, ನನ್ನ ಹೆಸರು ಹೇಳಿಸಿ ಪುನಃ ಹೊಡೆಸಬಹುದಿತ್ತು. ನನಗದು ಗೊತ್ತಿತ್ತು. ಪ್ರತಿದಿನ ಗೊತ್ತಿತ್ತು.

ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.